ಸ್ಕ್ರ್ಯಾಚ್ 3: ಹೊಸಬರಿಂದ ಪ್ರೋಗ್ರಾಂ ಬರೆಸಲು ಎಷ್ಟರಮಟ್ಟಿಗೆ ಆದೀತು?

ಮೌಸ್ ಹಿಡಿಯಲು ಈಗಷ್ಟೇ ಕಲಿತವರ ಕೈಯಲ್ಲೂ ಒಂದು ಪುಟ್ಟ ಪ್ರೋಗ್ರಾಂ ಮಾಡಿಸಬೇಕೆಂದರೆ ಸ್ಕ್ರ್ಯಾಚ್ ಸಲೀಸಾದ ದಾರಿ. ಟೈಪ್ ಮಾಡುವ ಬದಲು, ಆದೇಶ ಬರೆದ ಬಣ್ಣದ ತುಂಡುಗಳನ್ನು (ಬ್ಲಾಕ್) ಮೌಸ್‌ನಿಂದ ಎಳೆದು ಜೋಡಿಸುವ ಪ್ರೋಗ್ರಾಮಿಂಗ್ ಭಾಷೆ ಇದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದದ್ದು. 3ನೇ ಆವೃತ್ತಿ ಬಂದದ್ದು 2019ರಲ್ಲಿ. ದುಡ್ಡು ಕೊಡಬೇಕಿಲ್ಲ. ಇಂಟರ್ನೆಟ್ ನೆಚ್ಚಿಕೊಳ್ಳಲಾಗದ ಕಡೆ ಡೆಸ್ಕ್‌ಟಾಪ್ ಆ್ಯಪ್ ಹಾಕಿಕೊಳ್ಳಬಹುದು. ಅದು ತಾನಾಗಿ ಸೇವ್ ಮಾಡುವುದಿಲ್ಲ, ಸೇವ್ ಮಾಡುವ ಅಭ್ಯಾಸವನ್ನು ಮೊದಲ ದಿನವೇ ಹಚ್ಚಬೇಕು.

ಬ್ಲಾಕ್‌ಗಳು ಹೊಂದುವ ಕಡೆ ಮಾತ್ರ ಕೂರುತ್ತವೆ. ಬ್ರಾಕೆಟ್ ಮುಚ್ಚಲಿಲ್ಲ, ಕೋಲನ್ ಬಿಟ್ಟುಹೋಯಿತು ಎಂಬ ರಗಳೆಯೇ ಇಲ್ಲ. ಕಲಿಸುವವರಿಗೆ ತಲೆನೋವು ಶುರುವಾಗುವುದೂ ಇಲ್ಲಿಂದಲೇ: ಲೆಕ್ಕಾಚಾರ ತಪ್ಪಿದರೂ ಸ್ಕ್ರ್ಯಾಚ್ ತುಟಿ ಬಿಚ್ಚುವುದಿಲ್ಲ.

ಬುಟ್ಟಿಗೆ ಹಣ್ಣು ಬೀಳುವ ಆಟವನ್ನೇ ನೋಡಿ. ಒಂದು ಹಣ್ಣು ಹಿಡಿದರೆ ಸ್ಕೋರ್ ಒಂದಲ್ಲ, ಹತ್ತು ಹದಿನೈದು ಏರಿಬಿಡುತ್ತದೆ. ಒಳಗಿನ ಬ್ಲಾಕ್‌ಗಳನ್ನು ಮತ್ತೆ ಮತ್ತೆ ನಡೆಸುವ 'ಫಾರೆವರ್' ಲೂಪ್ ಸೆಕೆಂಡಿಗೆ ಸುಮಾರು 30 ಸಲ ಸುತ್ತುವುದರಿಂದ, ಹಣ್ಣು ಬುಟ್ಟಿಗೆ ತಾಗಿರುವಷ್ಟು ಹೊತ್ತೂ ಅಂಕ ಬೀಳುತ್ತಲೇ ಇರುತ್ತದೆ. ಅಂಕ ಕೊಟ್ಟ ತಕ್ಷಣ, ತಾಗಿದೆಯೇ ಎಂದು ಪರೀಕ್ಷಿಸುವ ಅದೇ 'ಇಫ್' ಒಳಗೆ, ಹಣ್ಣನ್ನು ಮೇಲಕ್ಕೆ ಕಳಿಸಿ: ವೈ (ಮೇಲೆ-ಕೆಳಗೆ) 170, ಎಕ್ಸ್ (ಅಡ್ಡಕ್ಕೆ) -220ರಿಂದ 220ರೊಳಗೆ ರ‍್ಯಾಂಡಮ್. (ಆಟ ನಡೆಯುವ ಜಾಗ, ಅಂದರೆ ಸ್ಟೇಜ್, 480x360, ನಟ್ಟನಡುವೆ ಸೊನ್ನೆ.) 'ಇಫ್' ಲೂಪಿನ ಹೊರಗೆ ಕೂತಿದ್ದರೆ ಇದರ ಉಲ್ಟಾ: ಪ್ರೋಗ್ರಾಂ ಶುರುಮಾಡುವ ಹಸಿರು ಬಾವುಟ ಒತ್ತಿದಾಗ ಒಂದೇ ಸಲ ಪರೀಕ್ಷೆ ನಡೆದು ಮುಗಿಯುತ್ತದೆ, ಹಣ್ಣು ಹಿಡಿದರೂ ಅಂಕವಿಲ್ಲ. ಬಾವುಟದ ಕೆಳಗೆ ಮೊದಲ ಬ್ಲಾಕೇ 'ಸೆಟ್ ಸ್ಕೋರ್ 0' ಆಗಿರಲಿ. ಇಲ್ಲದಿದ್ದರೆ ಹಳೇ ಆಟದ ಅಂಕ ಮುಂದುವರಿಯುತ್ತದೆ. ಅಲ್ಲಿ 'ಸೆಟ್' ಬದಲು, ಇರುವ ಅಂಕಕ್ಕೆ ಕೂಡಿಸುವ 'ಚೇಂಜ್' ಎಳೆದಿಡುವವರುಂಟು. ಹಣ್ಣಿನ ನಕಲುಗಳನ್ನು (ಕ್ಲೋನ್) ಮಾಡಿಸುವುದಾದರೆ 300ರ ಮಿತಿಯಿದೆ, 'ವೇಟ್' ಇಲ್ಲದ ಲೂಪಿನಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಆಟಕ್ಕಿಂತ ಮೊದಲು ಸೆಂಟಿಮೀಟರನ್ನು ಇಂಚಿಗೆ ಬದಲಿಸುವ ಪ್ರೋಗ್ರಾಂ ಮಾಡಿಸುವುದು ಮೇಲು: 'ಆಸ್ಕ್' ಬ್ಲಾಕಿನಿಂದ ಪ್ರಶ್ನೆ ಕೇಳಿ, ಉತ್ತರವನ್ನು ವೇರಿಯೇಬಲ್‌ಗೆ (ಬೆಲೆ ಇಟ್ಟುಕೊಳ್ಳುವ ಹೆಸರಿನ ಡಬ್ಬಿಗೆ) 'ಸೆಟ್', 2.54ರಿಂದ ಭಾಗಿಸಿ 'ಸೇ' ಬ್ಲಾಕಿನಿಂದ ತೋರಿಸುವುದು. ವೇರಿಯೇಬಲ್ ಯಾಕೆ ಬೇಕು ಎಂದು ಕೇಳಿಯೇ ಕೇಳುತ್ತಾರೆ. ಆಗ ಎರಡನೇ ಪ್ರಶ್ನೆ ಸೇರಿಸಿ ತೋರಿಸಿ: ಉತ್ತರ ಕೂರುವ 'ಆನ್ಸರ್' ಒಂದೇ ಇರುವುದರಿಂದ ಮೊದಲ ಉತ್ತರ ಅಳಿಸಿಹೋಗುತ್ತದೆ. ಇನ್ನು, ಯಾರಾದರೂ 'ಹತ್ತು' ಎಂದು ಅಕ್ಷರದಲ್ಲಿ ಬರೆದರೆ? ಉತ್ತರ 0. ಕನ್ನಡ ಅಂಕಿಯಲ್ಲಿ ೧೦ ಎಂದರೂ 0. ಎಚ್ಚರಿಕೆಯ ಸೊಲ್ಲೇ ಇಲ್ಲ.

ಮಿತಿಗಳು ಬೇಗ ಎದುರಾಗುತ್ತವೆ. ನಾವೇ ಮಾಡಿಕೊಂಡ ಬ್ಲಾಕ್ ಲೆಕ್ಕ ಮಾಡಿ ಉತ್ತರವನ್ನು ಹಿಂದಿರುಗಿಸಲಾರದು. ಅದನ್ನೂ ವೇರಿಯೇಬಲ್‌ನಲ್ಲೇ ಇಟ್ಟುಕೊಳ್ಳಬೇಕು. ಪ್ರೋಗ್ರಾಂ ತಾನಾಗಿ ಫೈಲಿಗೆ ಬರೆಯಲಾರದು. ಹಲವು ಬೆಲೆಗಳನ್ನು ಸಾಲಾಗಿ ಇಡುವ ಲಿಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಬಹುದು, ಅಷ್ಟೇ. ದಿನನಿತ್ಯದ ಲೆಕ್ಕ ಬರೆದಿಡುವ ಸಾಫ್ಟ್‌ವೇರ್ ಬೇಕೆಂದು ಕಲಿಯುವವರು ಹೇಳಿದ ದಿನ ಸ್ಕ್ರ್ಯಾಚ್ ಬಿಡಿಸಿ. ಇನ್ನಷ್ಟು ಬ್ಲಾಕ್ ಪೇರಿಸಿ ಎಳೆದಾಡಿಸುವುದು ದಂಡ.

ಟೈಪ್ ಮಾಡಿ ಬರೆಯುವ ಭಾಷೆಯಾದ ಪೈಥಾನ್‌ಗೆ ದಾಟಿಸುವಾಗ ಹೊಸ ಉದಾಹರಣೆ ಹುಡುಕಬೇಡಿ, ಅದೇ ಇಂಚಿನ ಪ್ರೋಗ್ರಾಂ ಬರೆಸಿ. ಅಲ್ಲಿ 'ಇನ್‌ಪುಟ್' ಕೊಡುವುದು ಅಕ್ಷರ. 'ಫ್ಲೋಟ್' ಹಾಕಿ ಸಂಖ್ಯೆ ಮಾಡಿಕೊಳ್ಳಬೇಕು. ೧೦ ಕೊಟ್ಟರೆ ಪೈಥಾನ್ ಸರಿಯಾಗಿಯೇ ಓದಿಕೊಳ್ಳುತ್ತದೆ. 'ಹತ್ತು' ಎಂದರೆ 'ವ್ಯಾಲ್ಯೂ ಎರರ್' ಎಂದು ನಿಂತುಬಿಡುತ್ತದೆ. ಆ ಎರರ್‌ನ ಕೊನೆಯ ಸಾಲನ್ನು ಮೊದಲು ಓದಿಸಿ, ಸಾಲಿನ ಸಂಖ್ಯೆಯನ್ನು ಆಮೇಲೆ ಹುಡುಕಿಸಿ.