ಸೈನ್ಯ ಎಷ್ಟು ಬೇಕು? ಒಂದು ಆನ್‌ಲೈನ್ ಕೋರ್ಸ್ ನೋಡಿದ ಮೇಲೆ
ದೇಶದ ರಕ್ಷಣೆಗೆ ಎಷ್ಟು ಖರ್ಚು ಮಾಡಬೇಕು ಅನ್ನೋ ವಿಷಯದ ಮೇಲಿನ ಆನ್‌ಲೈನ್ ಕೋರ್ಸ್ ಇದು. ನೋಡಬಹುದು, ಆದರೆ ಮೊದಲ ಪಾಠ ಬಿಟ್ಟುಬಿಡಿ. ಬರೀ ಟ್ಯಾಂಕು, ವಿಮಾನ, ಹಿಂದೆ ಜೋರು ಸಂಗೀತ. ಸುಮ್ನೆ ಟೈಮ್ ವೇಸ್ಟ್.

ಸೈನ್ಯವೇ ಇಲ್ಲದ ದೇಶಗಳ ಪಾಠ ಮಾತ್ರ ಸಖತ್ತಾಗಿದೆ. ಕೋಸ್ಟರಿಕಾ 1948ರಲ್ಲಿ ಸೈನ್ಯವನ್ನೇ ತೆಗೆದುಹಾಕಿತು, ಮರುವರ್ಷ ಸಂವಿಧಾನದಲ್ಲೂ ಬರೆದಿಟ್ಟಿತು. ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ ಅಲ್ವಾ? ಇಲ್ಲಿ ಪಾಠ ಮಾಡುವವರು ಮುಂದೆ ಹೋಗಿ, ಆ ದೇಶ ಅಮೆರಿಕ ಖಂಡಗಳ ದೇಶಗಳ ರಿಯೊ ಒಪ್ಪಂದದಲ್ಲಿದೆ, ಒಬ್ಬರ ಮೇಲೆ ದಾಳಿ ಆದರೆ ಉಳಿದವರು ನೆರವಿಗೆ ಬರಬೇಕು ಅನ್ನೋದೇ ಅದರ ತಿರುಳು ಅಂತ ನಕಾಶೆ ಇಟ್ಟು ತೋರಿಸುತ್ತಾರೆ. ಐಸ್‌ಲ್ಯಾಂಡ್ ಕೂಡ ಹಾಗೇ. ಸ್ವಂತ ಸೈನ್ಯ ಇಲ್ಲ, ಆದರೆ ಒಬ್ಬರನ್ನೊಬ್ಬರು ಕಾಯುವ ದೇಶಗಳ ಮಿಲಿಟರಿ ಕೂಟ ನೇಟೋದಲ್ಲಿ 1949ರಿಂದಲೇ ಇದೆ. ಅಂದರೆ ಭಾರ ಇಳಿದಿಲ್ಲ, ಬೇರೆಯವರ ಹೆಗಲಿಗೆ ಹೋಗಿದೆ, ಅಷ್ಟೇ. ಸ್ವಿಟ್ಜರ್ಲೆಂಡಿನಲ್ಲಿ ಸೈನ್ಯ ಬೇಡ ಅಂತ 1989ರಲ್ಲಿ ಜನಮತ ನಡೆದು, ಮತ ಹಾಕಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಹೌದು ಅಂದಿದ್ದರಂತೆ! ಇದು ನನಗೆ ಹೊಸದು.

ಬಜೆಟ್ ಪಾಠ ಸಪ್ಪೆ. ರಕ್ಷಣೆಗೆ ಜಿಡಿಪಿಯ 2% ಖರ್ಚು ಮಾಡಬೇಕು ಅಂತ ನೇಟೋ ದೇಶಗಳು 2014ರಲ್ಲಿ ಒಪ್ಪಿದ ಗುರಿಯ ಗ್ರಾಫ್ ಹಾಕಿ ಮುಗಿಸಿಬಿಡುತ್ತಾರೆ. ಸಂಬಳ, ಪಿಂಚಣಿಗೆ ಎಷ್ಟು ಹೋಗುತ್ತದೆ, ಹೊಸ ಆಯುಧಕ್ಕೆ ಎಷ್ಟು ಉಳಿಯುತ್ತದೆ ಅನ್ನೋ ಮಾತೇ ಇಲ್ಲ. ಜಗಳ ಇರೋದೇ ಅಲ್ಲಿ ತಾನೆ?

ಕ್ವಿಜ್‌ನಲ್ಲಿ 'ರಕ್ಷಣೆ ಮುಖ್ಯವೇ?' ಅಂತ ಕೇಳಿ ಹೌದು, ಇಲ್ಲ ಎರಡೇ ಆಯ್ಕೆ ಕೊಟ್ಟಿದ್ದಾರೆ. ಇದಕ್ಕೆ ಏನು ಹೇಳೋದು? 5ಕ್ಕೆ 3 ಸ್ಟಾರ್. ವೇಗ ಜಾಸ್ತಿ ಮಾಡಿಕೊಂಡು ನೋಡಿದರೂ ಅರ್ಥ ಆಗುತ್ತದೆ.