ಹೇಮಾವತಿ ಹಿನ್ನೀರಿನಲ್ಲಿ ಬೂಮ್ ಬ್ರೇಕ್: ಮೂರು ಮಳೆಗಾಲಗಳ ನಂತರ

ನಮ್ಮದು 22 ಅಡಿ ಉದ್ದದ ಹಳೆಯ ಫೈಬರ್ ಹಾಯಿದೋಣಿ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ, ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಚರ್ಚಿನ ಕಡೆಗೆ, ಅನುಮತಿ ಪಡೆದು ಓಡಿಸುತ್ತೇವೆ. ಅದಕ್ಕೆ ಬೂಮ್ ಬ್ರೇಕ್ ಅಳವಡಿಸಿ ಮೂರು ಮಳೆಗಾಲ ಕಳೆದಿವೆ.

ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡದಂಡವೇ ಬೂಮ್. ಹಿಂದಿನಿಂದ ಬೀಸುವ ಗಾಳಿ ತುಸು ದಿಕ್ಕು ಬದಲಿಸಿ ಹಾಯಿಯ ಇನ್ನೊಂದು ಮಗ್ಗುಲಿಗೆ ಬಡಿಯಿತೆಂದರೆ, ಈ ದಂಡ ತಲೆಯ ಎತ್ತರದಲ್ಲಿ ದೋಣಿಯನ್ನು ಅಡ್ಡ ಹಾಯ್ದು ಬರುತ್ತದೆ. ಗುಡ್ಡಗಳ ಸಂದಿಯಿಂದ ನುಗ್ಗುವ ಆಷಾಢದ ಗಾಳಿಯಲ್ಲಿ ಇದು ಅಪರೂಪವಲ್ಲ. ಒಮ್ಮೆ ಭಾವಮೈದುನ "ಭಾವ, ಬಗ್ಗಿ!" ಎಂದು ಕೂಗುವಷ್ಟರಲ್ಲಿ ನನ್ನ ಟೋಪಿ ನೀರಿನಲ್ಲಿ ತೇಲುತ್ತಿತ್ತು. ಬೂಮ್ ಎರಡು ಅಂಗುಲ ಕೆಳಗೆ ಬಂದಿದ್ದರೆ ಹಾಸನದ ಆಸ್ಪತ್ರೆ ಬಹಳ ದೂರವೆನಿಸುತ್ತಿತ್ತು.

ಬೂಮ್‌ನ ಈ ರಭಸ ತಗ್ಗಿಸುವ ಸಾಧನವೇ ಬೂಮ್ ಬ್ರೇಕ್. ನಾವು ಕೊಂಡದ್ದು ಚಲಿಸುವ ಭಾಗವೇ ಇಲ್ಲದ, ಅಂಗೈ ಅಗಲದ ಅಲ್ಯೂಮಿನಿಯಂ ತುಂಡು. ಅದು ಬೂಮ್‌ನ ಕೆಳಗೆ, ಹಾಯಿ ಕಟ್ಟುವ ನಿಲುಗಂಬವಾದ ಕೂವೆಮರದಿಂದ ಸುಮಾರು ಒಂದು ಮೀಟರ್ ಹಿಂದೆ ನೇತಾಡುತ್ತದೆ. ಡೆಕ್‌ನ (ದೋಣಿಯ ಮೇಲುಹಾಸಿನ) ಎಡಬದಿಯಿಂದ ಬಲಬದಿಗೆ ಹೋಗುವ ಹಗ್ಗ ನಡುವೆ ಇದನ್ನು ಸುತ್ತಿಕೊಂಡು ಸಾಗುವುದರಿಂದ, ಬೂಮ್ ಹೊರಳಬೇಕಾದರೆ ಹಗ್ಗಕ್ಕೆ ಉಜ್ಜಿಕೊಂಡೇ ಹೊರಳಬೇಕು. ಲಾರಿಯಿಂದ ದಿಮ್ಮಿ ಇಳಿಸುವವರು ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಸ್ವಲ್ಪಸ್ವಲ್ಪವೇ ಸಡಿಲಬಿಡುತ್ತಾರಲ್ಲ, ಅದೇ ಉಪಾಯ.

ಮೊದಲ ವರ್ಷ ಇದು ಕೆಲಸಕ್ಕೆ ಬಾರದ ವಸ್ತುವೆಂದು ನಾನು ಬೈದದ್ದುಂಟು; ತಪ್ಪು ನನ್ನದೇ ಆಗಿತ್ತು. ಹಗ್ಗದ ಎರಡೂ ತುದಿಗಳ ಕೊಂಡಿಗಳನ್ನು, ನೋಡಲು ಅಚ್ಚುಕಟ್ಟೆಂದು, ಬ್ರೇಕ್ ನೇತಾಡುವ ಜಾಗಕ್ಕೆ ಸರಿನೇರವಾಗಿ ಡೆಕ್‌ನ ಅಂಚುಗಳಲ್ಲಿ ಕೂರಿಸಿದ್ದೆ. ಹಾಗೆ ಮಾಡಿದರೆ ಬೂಮ್ ಹೊರಗೆ ಚಾಚಿದಾಗ ಹಗ್ಗ ಬಿಗಿಯಾಗುತ್ತದೆ, ನಡುವಿಗೆ ಬಂದಾಗ ಸಡಿಲವಾಗುತ್ತದೆ. ಎಂದರೆ ಬ್ರೇಕ್ ಹಿಡಿಯಲೇಬೇಕಾದ ಕಡೆಯಲ್ಲಿಯೇ ಹಿಡಿತ ತಪ್ಪುತ್ತದೆ. ಕೊಂಡಿಗಳನ್ನು ಸುಮಾರು 60 ಸೆಂಟಿಮೀಟರ್ ಮುಂದಕ್ಕೆ, ಕೂವೆಮರವನ್ನು ಪಕ್ಕದಿಂದ ಎಳೆದು ಹಿಡಿದ ತಂತಿಗಳ ಬುಡಕ್ಕಿಂತ ತುಸು ಹಿಂದಕ್ಕೆ ಬರುವಂತೆ ಸರಿಸಿದ ಮೇಲೆ, ಬೂಮ್ ಎಲ್ಲಿದ್ದರೂ ಹಗ್ಗದ ಬಿಗಿ ಹೆಚ್ಚುಕಡಿಮೆ ಒಂದೇ ಆಯಿತು. ಕೊರೆಯುವ ಮುನ್ನ ತೆಳು ಹುರಿಯನ್ನು ಕಟ್ಟಿ, ಬೂಮ್ ಅನ್ನು ಕೈಯಿಂದ ಆಚೀಚೆ ತಳ್ಳಿ ನೋಡಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಈಗ ಡೆಕ್‌ನಲ್ಲಿ ಎಪಾಕ್ಸಿ ಅಂಟು ತುಂಬಿ ಮುಚ್ಚಿದ ನಾಲ್ಕು ರಂಧ್ರಗಳ ಕಲೆ ಉಳಿದಿದೆ.

ರಂಧ್ರಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ನಮ್ಮ ಡೆಕ್‌ನ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರವಿದೆ. ಅದಕ್ಕೆ ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ. ಆದ್ದರಿಂದ ರಂಧ್ರವನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು, ಕೆಳಗಿನಿಂದ ಅಗಲವಾದ ಲೋಹದ ಪಟ್ಟಿ ಕೊಡಬೇಕು. ಪೇಟೆಯ ವರ್ಕ್‌ಶಾಪೊಂದರವರು ಸ್ಟೇನ್‌ಲೆಸ್ ಎಂದು ಹೇಳಿ ಕೊಟ್ಟ ಬೋಲ್ಟುಗಳು ಒಂದೇ ಮಳೆಗಾಲದಲ್ಲಿ ಕಂದು ನೀರು ಇಳಿಸಿದವು. ಅವುಗಳನ್ನು ತುಕ್ಕನ್ನು ಚೆನ್ನಾಗಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟುಗಳಿಗೆ ಬದಲಿಸಿದೆ.

ಉಳಿದ ಖರ್ಚು ಹಗ್ಗದ್ದು. ಮೊದಲು ಹಾಕಿದ್ದ ನೈಲಾನ್ ರಬ್ಬರಿನಂತೆ ಹಿಗ್ಗಿ ಬೂಮ್ ಜಗ್ಗಾಡುತ್ತಿತ್ತು. ಹೆಣೆದ ಪಾಲಿಯೆಸ್ಟರ್ ಹಗ್ಗ ಸರಿಯಾಗಿ ಹೊಂದಿತು. ಆದರೆ ಬ್ರೇಕಿಗೆ ಉಜ್ಜುವ ಒಂದು ಗೇಣಿನ ಭಾಗ ಎರಡನೆಯ ವರ್ಷಕ್ಕೆ ಹೊಳಪೇರಿ, ಒಣಗಿದ ಬಾಳೆನಾರಿನಂತೆ ಪೆಡಸಾಗಿ, ಹಿಡಿತ ಕಡಿಮೆಯಾಯಿತು.

ಸಾಧನದ ಮಿತಿಯನ್ನೂ ಹೇಳಬೇಕು. ಬ್ರೇಕ್ ಬೂಮ್‌ನ ವೇಗವನ್ನು ತಗ್ಗಿಸುತ್ತದೆಯೇ ಹೊರತು ತಡೆದು ನಿಲ್ಲಿಸುವುದಿಲ್ಲ. ಹಿಂಗಾಳಿಯಲ್ಲಿ ಬಹಳ ಹೊತ್ತು ಸಾಗುವಾಗ ಬೂಮ್‌ನ ತುದಿಯಿಂದ ದೋಣಿಯ ಮೂತಿಗೆ, ಅಲ್ಲಿಂದ ಚುಕ್ಕಾಣಿ ಹಿಡಿದವನ ಕೈಗೆ ಬರುವ ಪ್ರತ್ಯೇಕ ತಡೆಹಗ್ಗವನ್ನೂ ಕಟ್ಟುತ್ತೇವೆ. ಅದನ್ನು ಬೂಮ್‌ನ ನಡುವಿಗೆ ಕಟ್ಟಿದರೆ ಬೂಮ್ ಮುರಿಯುವ ಅಪಾಯವಿದೆ.

ಕಳೆದ ಶ್ರಾವಣದಲ್ಲಿ ಗಾಳಿ ಮತ್ತೆ ಹಾಗೆಯೇ ತಿರುಗಿತು. ಆಗ ತಡೆಹಗ್ಗ ಕಟ್ಟಿರಲಿಲ್ಲ. ಬೂಮ್ ಕಿರುಗುಟ್ಟುತ್ತ, ಎತ್ತಿನ ಗಾಡಿಯ ವೇಗದಲ್ಲಿ ನಮ್ಮ ತಲೆಗಳ ಮೇಲೆ ಹಾದುಹೋಯಿತು. ಭಾವಮೈದುನ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸುತ್ತಿದ್ದ ಕಾಫಿ ಚೆಲ್ಲಲಿಲ್ಲ.