ಶೋರೂಮ್ ಸೇಲ್ಸ್‌ನವರಿಂದ ಉತ್ತರ ಪಡೆಯಲು ಯಾವುದು ವಾಸಿ: ಫೋನಾ, ವಾಟ್ಸಾಪಾ, ನೇರ ಹೋಗೋದಾ?

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅಕ್ಟೋಬರ್ 1ಕ್ಕೆ ಆಯುಧಪೂಜೆ. ಆ ಹತ್ತು ದಿನ ಬೆಂಗಳೂರಿನ ಕಾರು ಶೋರೂಮ್‌ಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾವು ಕಾರು ಹುಡುಕುತ್ತಿದ್ದದ್ದೂ ಆಗಲೇ. ಸೇಲ್ಸ್‌ನವರಿಂದ ಒಂದು ಸರಿಯಾದ ಉತ್ತರ ಪಡೆಯಲು ಎಲ್ಲ ದಾರಿಗಳನ್ನೂ ನೋಡಿದೆ.

ಎಲ್ಲಕ್ಕಿಂತ ಕೆಳಗೆ ಬರುವುದು ವೆಬ್‌ಸೈಟಿನಲ್ಲಿ ನಂಬರ್ ಕೊಡುವುದು. ಫೋನೇನೋ ಬೇಗ ಬರುತ್ತದೆ. ಆದರೆ ಮಾಡುವವರು ಕಾಲ್ ಸೆಂಟರಿನವರು. ಯಾವ ಬಣ್ಣ, ಯಾವಾಗ ತಗೋತೀರಾ ಅಂತ ಅವರೇ ಕೇಳುತ್ತಾರೆ. ನಾವು ಏನಾದರೂ ಕೇಳಿದರೆ ‘ಶೋರೂಮಿನವರು ಹೇಳ್ತಾರೆ ಸರ್’. ಆಮೇಲೆ ಬೇರೆ ಬೇರೆ ಡೀಲರ್‌ಗಳ ಕರೆ ನಿಲ್ಲುವುದೇ ಇಲ್ಲ.

ಫೋನ್ ಪರವಾಗಿಲ್ಲ, ಹೊತ್ತು ನೋಡಿ ಮಾಡಬೇಕು ಅಷ್ಟೇ. ಶನಿವಾರ, ಭಾನುವಾರ ಎತ್ತುವುದಿಲ್ಲ. ವಾರದ ದಿನ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ ಸಿಗುತ್ತಾರೆ. ತೊಂದರೆ ಏನೆಂದರೆ, ಫೋನಿನಲ್ಲಿ ಹೇಳಿದ ಬೆಲೆ ಮರುದಿನ ಬೇರೆ ಆಗಿರುತ್ತದೆ. ಕಾಗದದಲ್ಲಿ ಇಲ್ಲದ ಮಾತಿಗೆ ಏನು ಆಧಾರ?

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ವಾಟ್ಸಾಪ್. ಆದರೆ ಏನು ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ‘ಬೆಸ್ಟ್ ಪ್ರೈಸ್ ಎಷ್ಟು?’ ಅಂದರೆ ಬ್ರೋಷರ್ ಕಳಿಸಿ ಸುಮ್ಮನಾಗುತ್ತಾರೆ. ನೂರು ಜನ ಅದನ್ನೇ ಕೇಳುತ್ತಾರೆ, ಅವರಾದರೂ ಏನು ಮಾಡುತ್ತಾರೆ! ನಾನು ಹೀಗೆ ಬರೆಯತೊಡಗಿದೆ: ‘ನಮಸ್ಕಾರ ಸರ್. ಪೆಟ್ರೋಲ್ ಮ್ಯಾನ್ಯುಯಲ್, ನಡುವಿನ ವೇರಿಯಂಟ್, ಬಿಳಿ ಅಥವಾ ಗ್ರೇ. ಲೋನ್ ನಮ್ಮ ಬ್ಯಾಂಕಿನಿಂದ, ಎಕ್ಸ್‌ಚೇಂಜ್ ಇಲ್ಲ. ಈ ತಿಂಗಳೇ ಬುಕ್ ಮಾಡುತ್ತೇವೆ. ಎಕ್ಸ್-ಶೋರೂಮ್, ರಸ್ತೆ ತೆರಿಗೆ, ಇನ್ಶೂರೆನ್ಸ್, ಆಕ್ಸೆಸರಿ ಬೇರೆ ಬೇರೆ ಬರೆದ ಕೊಟೇಶನ್ ಬೇಕು. ಸಂಜೆ ಏಳರ ಮೇಲೆ ಮಾತಾಡಬಹುದು.’ ಇದಕ್ಕೆ ಉತ್ತರ ಬರುತ್ತಿತ್ತು, ಅದೂ ಬೇಗ. ಅವರು ತಿರುಗಿ ಕೇಳಬೇಕಾದದ್ದು ಏನೂ ಉಳಿದಿರುವುದಿಲ್ಲ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಿಸಬೇಕಾದವರಿಗೆ ‘ಈ ತಿಂಗಳೇ’ ಅನ್ನುವ ಮಾತು ಕಣ್ಣಿಗೆ ಬೀಳದೆ ಇರುತ್ತದಾ? ಆದರೆ ನಿಜವಾಗಿ ಕೊಳ್ಳುವುದಿದ್ದರೆ ಮಾತ್ರ ಹಾಗೆ ಬರೆಯಿರಿ.

ಬಿಡಿಬಿಡಿಯಾಗಿ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ರಸ್ತೆ ತೆರಿಗೆ ಸರ್ಕಾರದ್ದು, ಅದರಲ್ಲಿ ಯಾರೂ ಕಡಿಮೆ ಮಾಡಲಾಗದು. ಇನ್ಶೂರೆನ್ಸ್ ಹಾಗಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಕಾರಿನಿಂದ ಬೇರೆಯವರಿಗಾಗುವ ನಷ್ಟಕ್ಕೆ) ಕಡ್ಡಾಯ, ನಿಜ. ಆದರೆ ಪಾಲಿಸಿಯನ್ನು ಶೋರೂಮಿನಲ್ಲೇ ಕೊಳ್ಳಬೇಕೆಂಬ ಕಾನೂನಿಲ್ಲ. ಒಟ್ಟು ಮೊತ್ತ ಮಾತ್ರ ಹೇಳಿದರೆ ಇದು ಗೊತ್ತಾಗುವುದೇ ಇಲ್ಲ.

ನೇರವಾಗಿ ಹೋಗುವುದೂ ಬೇಕು, ಆದರೆ ವಾರದ ದಿನ. ಭಾನುವಾರ ಒಬ್ಬ ಸೇಲ್ಸ್ ಹುಡುಗನ ಸುತ್ತ ಮೂರು ಮನೆಯವರು ನಿಂತಿರುತ್ತಾರೆ. ಪಾಪ, ಅವನಿಗೆ ಊಟಕ್ಕೂ ಬಿಡುವಿಲ್ಲ. ಟೆಸ್ಟ್ ಡ್ರೈವ್ ಮುಗಿಸಿ, ಅವನ ಹೆಸರಿನ ಜೊತೆ ಟೀಮ್ ಲೀಡರ್ ನಂಬರನ್ನೂ ಕೇಳಿಕೊಂಡು ಬನ್ನಿ. ಮುಖ ಪರಿಚಯವಾದ ಮೇಲೆ ವಾಟ್ಸಾಪ್ ಉತ್ತರ ಇನ್ನೂ ಚುರುಕಾಗುತ್ತದೆ.

ಇಮೇಲ್ ಬುಕಿಂಗಿಗೆ ಮುಂಚೆ ಹೆಚ್ಚುಕಮ್ಮಿ ದಂಡ. ಬುಕಿಂಗ್ ಹಣ ಕಟ್ಟಿದ ಮೇಲೆ ಮಾತ್ರ ಅದಕ್ಕೆ ಸಮನಾದದ್ದಿಲ್ಲ. ಆಗ ಸೇಲ್ಸ್‌ನವರ ಗಮನ ಮುಂದಿನ ಗಿರಾಕಿಯ ಕಡೆ ಹೋಗಿರುತ್ತದೆ. ನಮ್ಮ ಡೆಲಿವರಿ ದಿನ ಗೊತ್ತಾಗದೆ ಇದ್ದಾಗ ಸೇಲ್ಸ್ ಮ್ಯಾನೇಜರಿಗೆ ಬರೆದು, ಹುಡುಗನನ್ನೂ ಕಾಪಿಯಲ್ಲಿ ಸೇರಿಸಿದೆ. ಬುಕಿಂಗ್ ನಂಬರ್ ಹಾಕಿ, ಡೆಲಿವರಿ ದಿನ ಮತ್ತು ನಮಗೆ ಅಲಾಟ್ ಆದ ಗಾಡಿಯ ಚಾಸಿ ನಂಬರ್, ಎರಡೇ ಕೇಳಿದ್ದು. ಅವತ್ತೇ ಸಂಜೆ ಮ್ಯಾನೇಜರೇ ಫೋನ್ ಮಾಡಿದರು.

ನಿಮಗೆ ಹಬ್ಬದ ಅವಸರ ಇಲ್ಲ ಅಂದರೆ ಆಷಾಢದಲ್ಲಿ ವಿಚಾರಿಸಿ. ಆಗ ಕೊಳ್ಳುವವರು ಕಡಿಮೆ. ಫೋನೊಂದೇ ಸಾಕು.